ಉಪ್ಪಿನಕಾಯಿ ಊಟ ಬಿಟ್ಟಿದೆ

ಒಂಬತ್ತು ದಿನವಾಯಿತು.
ಮಿಡತೆ ಕೊಟ್ಟೆ, ಜೀರುಂಡೆ ಕೊಟ್ಟೆ,
ಕರಿಯುವ ಮೀನಿಗೆ ರವೆ ಹಚ್ಚುವ ಹಾಗೆ
ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ,
ಚಿಮಟದಲ್ಲಿ ಹಿಡಿದು ಮೂಗಿನೆದುರು ಕುಣಿಸಿದೆ.
ಒಂದು ಕಣ್ಣು ಮಿಡತೆಯನ್ನು ನೋಡಿತು,
ಇನ್ನೊಂದು ನನ್ನನ್ನು.
ಎರಡೂ ಹಿಡಿಸಲಿಲ್ಲ ಗೋಸುಂಬೆಗೆ.

ರೋವನ್ ಇಟ್ಟ ಹೆಸರು ಪಿಕಲ್.
ಯಾರೂ ಇಲ್ಲದಾಗ ನಾನು ಉಪ್ಪಿನಕಾಯಿ ಅನ್ನುತ್ತೇನೆ.
ಅವಳ ಅಮ್ಮನ ಮನೆಯಲ್ಲಿ ಹಲ್ಲಿಜಾತಿಗೆ ಜಾಗವಿಲ್ಲ.
ಹಾಗಾಗಿ ಇಲ್ಲಿ, ಹಲ್ ಊರಿನ ಈ ಸಾಲುಮನೆಯಲ್ಲಿ,
ಬಾಯ್ಲರಿನ ಪಕ್ಕ
ಜಾಲರಿ ಪಂಜರ, ಎರಡು ದೀಪ, ಒಂದು ನಿಜವಾದ ಗಿಡ.
ಶುಕ್ರವಾರ ಸಂಜೆ ಅಪ್ಪನ ಮನೆಗೆ ಬಂದವಳು
ಬ್ಯಾಗು ಇಳಿಸುವ ಮೊದಲೇ ಕೇಳುತ್ತಾಳೆ: "ತಿಂದನಾ?"
ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ,
ಬೇರೆ ಏನೂ ಕರೆಯುವುದಿಲ್ಲ.
ನಾನು ಬಡಿಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಸರಿಸಿ
ಸಣ್ಣದೊಂದು ಕೋಟೆ ಕಟ್ಟಿ ಎದ್ದು ಹೋಗುತ್ತಾಳೆ.
ಅವಳಪ್ಪ ಫೋನು ನೋಡುತ್ತಾನೆ.

ಬುಧವಾರ ಅಂಚೆಯಲ್ಲಿ ಡಬ್ಬಿ ಬಂತು.
ಮುಚ್ಚಳ ತೆರೆದರೆ ರೇಷ್ಮೆ ಹುಳು!
ಹದಿನೈದಕ್ಕೆ ಏಳು ಪೌಂಡು.
ಶಿಡ್ಲಘಟ್ಟದಲ್ಲಿ ದೊಡ್ಡಮ್ಮ ತಟ್ಟೆಗಟ್ಟಲೆ ಸಾಕಿದವು,
ರಾತ್ರಿ ಎರಡಕ್ಕೆ ಎದ್ದು ಸೊಪ್ಪು ಹಾಕಿದವು.
ಅವು ಮೇಯುವಾಗ, ಕತ್ತಲಲ್ಲಿ ಯಾರೋ
ಹಳೇ ಸೀರೆ ಮಡಿಸುತ್ತಲೇ ಇರುವಂಥ ಸದ್ದು.
ಇಲ್ಲಿ ಸೊಪ್ಪಿಲ್ಲ; ಡಬ್ಬಿಯ ತಳಕ್ಕೆ
ಕಂದು ಹಲ್ವದಂಥದ್ದೇನೋ ಮೆತ್ತಿದ್ದಾರೆ.
ನಾಲ್ಕನೇ ಜ್ವರದಿಂದ ಎದ್ದಿವೆ, ಅಂದುಕೊಂಡೆ.
ಯಾರಿಗೆ ಹೇಳಲಿ?
ಜ್ವರ ಅಂದರೆ ಈ ಮನೆಯಲ್ಲಿ ಮಾತ್ರೆ ತರುತ್ತಾರೆ.

ಒಂದನ್ನು ಅಂಗೈಯಲ್ಲಿಟ್ಟು ಚಾಚಿದೆ.
ದೊಡ್ಡಮ್ಮ ಕಂಡಿದ್ದರೆ ಕೈಗೇ ಬಡಿಯುತ್ತಿದ್ದಳು,
ಹುಳುಮನೆಗೆ ಹಲ್ಲಿ ನುಗ್ಗಿದರೆ
ಪೊರಕೆ ಹಿಡಿದು ಓಣಿಯ ತುದಿಯವರೆಗೆ ಅಟ್ಟಿದವಳು.
ಉಪ್ಪಿನಕಾಯಿ ನೋಡಿತು. ಗಂಟಲು ಉಬ್ಬಿಸಿತು.
ನಾಲಿಗೆಯ ತುದಿ ಇಣುಕಿತು, ಗುಲಾಬಿ,
ಮತ್ತೆ ಒಳಗೆ.
ಆಮೇಲೆ ಕೊಂಬೆಯಿಂದ ನಿಧಾನ ಇಳಿದು
ಮೂಲೆಯಲ್ಲಿ ಹಾಸಿದ ಕಾಗದವನ್ನು ಕೆರೆಯತೊಡಗಿತು.
ಕೆರೆದೇ ಕೆರೆಯಿತು.

ಶುಕ್ರವಾರದ ಹೊತ್ತಿಗೆ ಹುಳುಗಳಲ್ಲೊಂದು
ಡಬ್ಬಿಯ ಮುಚ್ಚಳ ಹತ್ತಿ ತಲೆಯೆತ್ತಿ ಆಡಿಸುತ್ತಿತ್ತು.
"ಹಣ್ಣಾಗಿದೆ" ಅಂದೆ ರೋವನ್‌ಗೆ.
"ಹುಳ ಹಣ್ಣಾಗುತ್ತಾ?"
ದೀಪಕ್ಕೆ ಹಿಡಿದು ತೋರಿಸಿದೆ, ಮೈಯೊಳಗೆ ಹಳದಿ ಬೆಳಕು.
ಹಣ್ಣಾದದ್ದು ಸೊಪ್ಪು ಮುಟ್ಟುವುದಿಲ್ಲ.
ಅದಕ್ಕೆ ಹಸಿವಿಲ್ಲ, ಜಾಗ ಬೇಕು.
ಆಗ ಉಣ್ಣು ಉಣ್ಣು ಅನ್ನಬಾರದು,
ಚಂದ್ರಿಕೆಗೆ ಬಿಡಬೇಕು.

ಅವಳು ಪಂಜರದ ಕಡೆ ತಿರುಗಿದಳು.
ಇಬ್ಬರೂ ನೋಡಿದೆವು: ಹೊಟ್ಟೆಯ ಎರಡೂ ಮಗ್ಗುಲಲ್ಲಿ
ಅವರೆಕಾಳು ತುಂಬಿದ ಚೀಲದಂಥ ಉಬ್ಬು.
ಗಂಡೆಂದು ಮಾರಿದ ಅಂಗಡಿಯವನಿಗೆ
ರೋವನ್ ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಶನಿವಾರ ಮಳೆಯಲ್ಲೇ ಹೋಗಿ ಮರಳು ತಂದೆವು.
ಬಕೆಟ್ಟಿಗೆ ಸುರಿದು, ನೀರು ಚಿಮುಕಿಸಿ,
ಬೆರಳಿಂದ ಬಿಲ ತೋಡಿ, ಕುಸಿಯದೆಂದು ಖಾತ್ರಿ ಮಾಡಿ,
ಪಂಜರಕ್ಕೆ ನನ್ನ ಹಳೇ ದುಪ್ಪಟ ಹೊದಿಸಿ
ಬಾಗಿಲಾಚೆ ನೆಲದ ಮೇಲೆ ಕೂತೆವು.
ನೋಡಿದರೆ ಹೆದರುತ್ತಾಳಂತೆ.
ಒಳಗೆ ಮರಳು ಸರಿಯುವ ಸದ್ದು.
ಬಹಳ ಹೊತ್ತಿನ ಮೇಲೆ ರೋವನ್ ಪಿಸುಗುಟ್ಟಿದಳು:
"ನೀನು ಅದನ್ನ ಕರೀತೀಯಲ್ಲ, ಉಪಿನ್... ಏನದು?"
ಗೋಡೆಗೂ ಕಿವಿ ಇದ್ದವು ಹಾಗಾದರೆ.
ಹೇಳಿಕೊಟ್ಟೆ. ಪ್ಪ ಒತ್ತು ಬರಲಿಲ್ಲ.
ಪರವಾಗಿಲ್ಲ ಅಂದೆ.

ಮೂವತ್ತೆಂಟು ಮೊಟ್ಟೆ. ಒಂದರಲ್ಲೂ ಜೀವವಿಲ್ಲ,
ಗಂಡಿನ ನೆರಳೂ ಕಾಣದವಳು.
ಆದರೂ ಎಷ್ಟು ನೀಟಾಗಿ ಮುಚ್ಚಿದ್ದಳು ಮಣ್ಣು!

ಹಣ್ಣು ಹುಳುವನ್ನು ಯಾರಿಗೂ ಕೊಡಲಿಲ್ಲ;
ಮೊಟ್ಟೆಯ ಖಾಲಿ ರಟ್ಟಿನಲ್ಲಿ ನೂಲು ಬಿಡುತ್ತಿದೆ.
ಅನ್ನ ಬೇಡ ಅಂದಳು ರೋವನ್, ಟೋಸ್ಟ್ ಸಾಕು.
ಕಾಯಿಸಿದೆ, ಬೆಣ್ಣೆ ಹಚ್ಚಿದೆ.
ಮೂರು ಕೊಟ್ಟೆ.
ಎರಡು ತಿಂದಳು.